ಆರನೇ ವಾರ್ಡಿನಲ್ಲಿ ಕಲೈವಾಣಿಯ ಹನ್ನೊಂದು ತಿಂಗಳು

ನಾನು ಸಂಶಯದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಕರಾರು ತೆಗೆಯಬಾರದು. ಹಾಲಿನವನು ಒಂದು ದಿನ ನಕ್ಕು ಮಾತಾಡಿದರೆ ಅವತ್ತು ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಚೊಂಬನ್ನು ಬೆಳಕಿಗೆ ಹಿಡಿದು ನೋಡುವವನು ನಾನು. ಅದಕ್ಕೇ, ನಮ್ಮ ಬೀದಿಯ ಕಲೈವಾಣಿ ಪಂಚಾಯಿತಿ ಉಪಚುನಾವಣೆಗೆ ನಿಲ್ಲುತ್ತಾಳೆ ಅಂತ ಸುದ್ದಿ ಬಂದಾಗ ನನಗೆ ಹೊಳೆದ ಮೊದಲ ಪ್ರಶ್ನೆ, ಇವಳಿಗೆ ಇದರಲ್ಲಿ ಏನು ಸಿಗುತ್ತದೆ ಎನ್ನುವುದು. ವಾರ್ಡ್ ಮೆಂಬರಿಗೆ ಸಂಬಳವಿಲ್ಲ, ಕಾರಿಲ್ಲ, ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ, ಅದೂ ಮೀಟಿಂಗ್ ದಿನ ಮಾತ್ರ. ಅಂಥ ಕೆಲಸಕ್ಕೆ ಬಿಸಿಲಿನಲ್ಲಿ ಮನೆಮನೆ ತಿರುಗಿ ಕೈಮುಗಿಯುವವರನ್ನು ನಂಬುವುದು ಹೇಗೆ?

ಸೇಲಂ ಕಡೆಯ ತಾರಮಂಗಲದಿಂದ ಮೂರು ಮೈಲಿ ನಮ್ಮೂರು. ನಮ್ಮದು ನೇಕಾರರ ಬೀದಿ, ಎಂಬತ್ತು ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಕ್ಕಳಂತೂ ಈಗ ಒಳಗೂ ತಮಿಳೇ. ಕನ್ನಡ ಓದಿ ಬರೆಯಬಲ್ಲವನು ಬೀದಿಗೆಲ್ಲ ನಾನೊಬ್ಬನೇ. ಪ್ರಾಯದಲ್ಲಿ ಕೊಳ್ಳೇಗಾಲದ ಜವಳಿ ಅಂಗಡಿಯಲ್ಲಿ ಒಂಬತ್ತು ವರ್ಷ ಸೀರೆ ಮಡಚಿ ಬಂದವನು. ಹಾಗಾಗಿ ಮಾತಿನ ಬಗ್ಗೆ ಯಾವ ಜಗಳ ಬಂದರೂ "ಮಾದೇಶಣ್ಣನ್ನ ಕೇಳಿ" ಅನ್ನುವ ರೂಢಿ ಬಿದ್ದುಹೋಗಿತ್ತು. ಆ ಮರ್ಯಾದೆ ನನಗೆ ಇಷ್ಟವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಕಲೈವಾಣಿಗೆ ಆಗ ಮೂವತ್ತೆಂಟು. ಎತ್ತರದ ಆಳು, ಗಂಟಲು ದೊಡ್ಡದು. ಗಂಡ ಧನಶೇಖರ್ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಾನೆ, ಮಾತು ಕಮ್ಮಿ. ಅವಳ ಕಸುಬು ಕೆಚ್ಚುವುದು. ಮಗ್ಗದಲ್ಲಿ ಹಳೆಯ ಹಾಸು ಮುಗಿಯುತ್ತಾ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು, ಸಾವಿರಗಟ್ಟಲೆ ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ಎರಡು ದಿನ ಏಳುವಂತಿಲ್ಲ. ಈ ಕೆಲಸಕ್ಕೆ ಹೊರಗಿನವರನ್ನು ಮನೆಯ ನಡುವೆ ಕೂರಿಸಿಕೊಳ್ಳಬೇಕು. ಅತ್ತೆ ಸೊಸೆ ಜಗಳ, ಮಗಳಿಗೆ ನೋಡಿದ ಗಂಡು, ಅಡುಗೆಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ, ಎಲ್ಲವೂ ಕೆಚ್ಚುವವಳ ಕಿವಿಗೆ ಬೀಳುತ್ತದೆ. ಕಲೈವಾಣಿ ಎಂಬತ್ತು ಮನೆಯಲ್ಲೂ ಕೂತು ಎದ್ದವಳು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದವಳಲ್ಲ. ಅವಳ ಅನ್ನ ನಿಂತಿದ್ದು ಬೆರಳಿನ ಚುರುಕಿನ ಮೇಲಲ್ಲ, ಆ ನಂಬಿಕೆಯ ಮೇಲೆ. ಅದೊಂದು ಹೋದರೆ ಅವಳನ್ನು ಯಾರೂ ಒಳಗೆ ಕರೆಯುವುದಿಲ್ಲ.

ಗೆದ್ದದ್ದೂ ಅದರಿಂದಲೇ. ಎದುರು ನಿಂತವನು ಮೇಲಿನ ಬೀದಿಯ ಗೋವಿಂದರಾಜ್, ಸಿಮೆಂಟು ಅಂಗಡಿ ಇಟ್ಟವನು. ಅವನು ಓಟಿಗೆ ಏನೇನು ಹಂಚಿದ ಎನ್ನುವುದನ್ನು ನಾನು ಹೇಳುವುದಿಲ್ಲ, ನಮ್ಮ ಮನೆಗೂ ಬಂದಿತ್ತು. ಆದರೂ ಇಪ್ಪತ್ತಮೂರು ಓಟಿನಲ್ಲಿ ಕಲೈವಾಣಿ ಗೆದ್ದಳು. ಸತ್ತುಹೋದ ಮೆಂಬರ್ ಬಿಟ್ಟುಹೋದ ಅವಧಿ ಎರಡೂವರೆ ವರ್ಷವಿತ್ತು. ಅವಳು ಕೂತಿದ್ದು ಹನ್ನೊಂದು ತಿಂಗಳು.

ಆ ತಿಂಗಳುಗಳಲ್ಲಿ ಅವಳು ಮಾಡಿದ್ದನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇನೆ, ಎಲ್ಲಾದರೂ ಸಿಕ್ಕಿಬೀಳುತ್ತಾಳೆ ಅಂತ. ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ ನೀರನ್ನು ದಿನ ಬಿಟ್ಟು ದಿನ ಬರುವ ಹಾಗೆ ಮಾಡಿದಳು. ನಾನು ಪೈಪಿನ ಕಾಂಟ್ರಾಕ್ಟ್ ಯಾರಿಗೆ ಹೋಯಿತು ಅಂತ ವಿಚಾರಿಸಿದೆ, ಏನೂ ಸಿಗಲಿಲ್ಲ. ಕೆರೆ ದಾರಿಗೆ ಮೂರು ದೀಪ ಹಾಕಿಸಿದಳು. ಒಂದು ದೀಪ ಅವಳ ಮನೆಯ ಹತ್ತಿರ ಬಿತ್ತು ಅಂತ ಟೀ ಅಂಗಡಿಯಲ್ಲಿ ಆಡಿಕೊಂಡೆವು. ಅವಳ ಮನೆ ಕೆರೆ ದಾರಿಯಲ್ಲೇ ಇದೆ, ದೀಪವನ್ನು ಇನ್ನೆಲ್ಲಿ ಹಾಕಿಸಬೇಕಿತ್ತೋ ನಮಗೂ ಗೊತ್ತಿರಲಿಲ್ಲ.

ದೊಡ್ಡ ವಿಷಯ ಪಟ್ಟಾ, ನಮ್ಮ ಜಾಗದ ಹಕ್ಕುಪತ್ರ. ಕೆರೆಯಂಚಿನ ಪೊರಂಬೋಕು, ಅಂದರೆ ಸರ್ಕಾರಿ ಜಾಗದಲ್ಲಿ ನಮ್ಮ ಮೂವತ್ತೊಂದು ಕುಟುಂಬ ಎರಡು ತಲೆಮಾರಿನಿಂದ ಗೋಡೆ ಕಟ್ಟಿಕೊಂಡು ಕೂತಿದ್ದೇವೆ. ಕೈಯಲ್ಲಿ ಕಾಗದವಿಲ್ಲ. ಅದರಲ್ಲಿ ನನ್ನದೂ ಒಂದು. ಕಲೈವಾಣಿ ತಾಲ್ಲೂಕು ಆಫೀಸಿಗೆ ಒಂಬತ್ತು ಸಲ ಅಲೆದು ಅಳತೆಯವರನ್ನು ಕರೆಸಿದಳು. ಸರಪಳಿ ಎಳೆದು ಗುರುತು ಹಾಕಿದರು. ಮನೈ ಪಟ್ಟಾ ಬರುತ್ತದೆ ಅಂತ ಬೀದಿಗೆಲ್ಲ ಹಬ್ಬದ ಕಳೆ ಬಂತು. ಅದರ ಜೊತೆಗೇ ಒಂದು ಪಿಸುಮಾತೂ ಹುಟ್ಟಿತು. ಗುರುತು ಹಾಕಿದ ಮೇಲೆ ಕೆರೆಯ ಮೂಲೆಯಲ್ಲಿ ಒಂದು ಸೈಟಿನಷ್ಟು ಜಾಗ ಉಳಿಯಿತಲ್ಲ, ಅದು ಯಾರಿಗೆ?

ಏಪ್ರಿಲ್ ನಡುವಿನಲ್ಲಿ ಒಂದು ಬೆಳಗ್ಗೆ ವಾರ್ಡಿನ ವಾಟ್ಸಾಪ್ ಗುಂಪಿಗೆ ಕಲೈವಾಣಿಯ ಧ್ವನಿ ಬಂತು. ಯಾವಾಗಲೂ ನೀರಿನ ಸಮಯ ಹೇಳುವ ಧ್ವನಿಯೇ. ಆದರೆ ಅವತ್ತು ನೀರಿನ ಮಾತಿಲ್ಲ. "ಅಲೋ, ಮನೆ ಸಿಕ್ತು ಕಣೇ. ಶುಕ್ರವಾರ ಕೈಗೆ ಬತ್ತೈತೆ. ನಮ್ಮೂರಾಗೆ ಯಾರ್ಗೂ ಏಳಬ್ಯಾಡ, ಒಬ್ರಿಗೂ ತಿಳೀಬಾರ್ದು. ಮಿಕ್ಕಿದ್ದು ನಾನ್ ನೋಡ್ಕೊಳ್ತೀನಿ."

ಎರಡು ನಿಮಿಷದಲ್ಲಿ ಅದನ್ನು ಅಳಿಸಿದಳು. ಬೇರೆ ಯಾರಿಗೋ ಕಳಿಸಬೇಕಾದದ್ದು ಗುಂಪಿಗೆ ಬಂದುಬಿಟ್ಟಿತ್ತು. ಅಷ್ಟರಲ್ಲಿ ಗೋವಿಂದರಾಜ್ ಅದನ್ನು ನಾಲ್ಕು ಕಡೆ ಕಳಿಸಿಯಾಗಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಮನೆ ಅಂದರೆ ಸೂರಿರುವ ಮನೆ. ತಮಿಳಿನಲ್ಲಿ ಅದಕ್ಕೆ ವೀಡು. ಮನೈ ಅಂದರೆ ಅವರಿಗೆ ಸೈಟು, ಖಾಲಿ ನೆಲ. ಬರೆಯುವಾಗ ಐಕಾರ, ಬಾಯಲ್ಲಿ ಆಡುವಾಗ ಅದೂ ಮನೆ ಅಂತಲೇ ಬರುತ್ತದೆ, ಕಿವಿಗೆ ಎಳ್ಳಷ್ಟೂ ವ್ಯತ್ಯಾಸ ತಿಳಿಯುವುದಿಲ್ಲ. ಪಟ್ಟಾದ ಗದ್ದಲ ಶುರುವಾದ ಮೇಲೆ ನಾವೂ ಸೈಟಿಗೆ ಹಾಗೇ ಅನ್ನತೊಡಗಿದ್ದೆವು. "ನಿಂಗೆ ಎಷ್ಟು ಮನೆ, ನಂಗೆ ಎಷ್ಟು ಮನೆ" ಅಂತ. ಹಾಗಾಗಿ ಕಲೈವಾಣಿಗೆ ಸಿಕ್ಕಿದ್ದು ಮನೆಯೋ ಮನೈಯೋ? ಮೇಲಿನ ಬೀದಿಯ ತಮಿಳರಿಗೆ ಈ ಪ್ರಶ್ನೆಯೇ ಹುಟ್ಟಲಿಲ್ಲ. ಹುಟ್ಟಬೇಕಾದದ್ದು ನಮ್ಮಲ್ಲಿ.

ಸಂಜೆ ಟೀ ಅಂಗಡಿಯಲ್ಲಿ ಹತ್ತು ಜನ ನನ್ನ ಸುತ್ತ ಸೇರಿದರು. ಗೋವಿಂದರಾಜನೇ ಫೋನು ನನ್ನ ಕಿವಿಗೆ ಹಿಡಿದ.

"ನೀಂಗದಾನ್ ಸೊಲ್ಲಣುಂ ಮಾದೇಶಣ್ಣಾ" ಅಂದ. ತೀರ್ಪು ನೀವೇ ಹೇಳಬೇಕು ಅಂತ.

ಮೂರು ಸಲ ಕೇಳಿದೆ. ಸ್ವಂತ ಮನೆಯಿರುವವಳಿಗೆ ಇನ್ನೊಂದು ಮನೆ ಯಾಕೆ? ಯಾರಿಗೂ ಹೇಳಬೇಡ ಅನ್ನುವುದು ಯಾಕೆ? ಒಂಬತ್ತು ಸಲ ಆಫೀಸಿಗೆ ಅಲೆದದ್ದು ಸುಮ್ಮನೆಯಾ? ಒಂಬತ್ತು ತಿಂಗಳು ಕಾದದ್ದಕ್ಕೆ ಕೊನೆಗೂ ಸಿಕ್ಕಿಬಿದ್ದಳು ಅನ್ನುವ ಖುಷಿ ನನಗಾಯಿತು. ನಾಚಿಕೆಯಾಗುತ್ತದೆ, ಆದರೆ ಆದದ್ದು ಖುಷಿಯೇ.

"ಸೈಟೇ" ಅಂದೆ.

ಮರುದಿನದಿಂದ ಕೆಚ್ಚುವುದಕ್ಕೆ ಕರೆಯುವವರು ಕಮ್ಮಿಯಾದರು. ನಮ್ಮ ಮನೆಯ ಮಗ್ಗದ ಹಾಸು ಮುಗಿದಿತ್ತು. ಕುಪ್ಪಮ್ಮ, ನನ್ನ ಹೆಂಡತಿ, ಅಮ್ಮಾಪೇಟೆಯಿಂದ ಬೇರೆಯವಳನ್ನು ಕರೆಸಿದಳು. "ಕಳ್ಳೀನ ಒಳಗೆ ಕೂರಿಸ್ಕೊಳ್ಳೋಕ್ಕಾಯ್ತದಾ?" ಅಂದಳು. ಕಲೈವಾಣಿ ಮಾತ್ರ ಬೀದಿಯಲ್ಲಿ ಎದುರು ಸಿಕ್ಕಾಗ "ಮಾವ, ಊಟ ಆಯ್ತಾ?" ಅಂತ ಯಾವಾಗಿನ ಹಾಗೇ ಕೇಳಿದಳು. ಆ ಧೈರ್ಯ ನೋಡಿ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ತಪ್ಪು ಮಾಡದವಳಾಗಿದ್ದರೆ ಬೀದಿಯಲ್ಲಿ ನಿಂತು ಕಿರುಚಾಡುತ್ತಿರಲಿಲ್ಲವಾ?

ಶುಕ್ರವಾರ ಬಂತು. ಕೈಗೆ ಬರುತ್ತದೆ ಅಂದಿದ್ದ ದಿನ. ಬೆಳಗ್ಗೆ ಹತ್ತಕ್ಕೆ ಅವಳು ಸೇಲಂ ಟೌನ್ ಬಸ್ಸು ಹತ್ತಿದಳು, ಹಿಂದಿನ ಬಾಗಿಲಿನಿಂದ ನಾನೂ ಹತ್ತಿದೆ. ರಿಜಿಸ್ಟ್ರಾರ್ ಆಫೀಸಿಗೇ ಹೋಗುತ್ತಾಳೆ, ಅಲ್ಲಿ ಕಾಗದ ಸಮೇತ ಹಿಡಿಯಬೇಕು ಅಂತ ನನ್ನ ಲೆಕ್ಕಾಚಾರ. ಅವಳ ಕಾಲ ಬಳಿ ಒಂದು ಪ್ಲಾಸ್ಟಿಕ್ ಬಕೆಟ್ಟು, ಒಂದು ಚಾಪೆಯ ಸುರುಳಿ, ಹೊಸ ಪೊರಕೆ. ರಿಜಿಸ್ಟ್ರಾರಿಗೆ ಪೊರಕೆ ಯಾಕೆ? ಬಕೆಟ್ಟಿನೊಳಗೆ ಏನೋ ಬಚ್ಚಿಟ್ಟಿದ್ದಾಳೆ ಅಂದುಕೊಂಡೆ. ಮನುಷ್ಯನಿಗೆ ಅನುಮಾನ ಹತ್ತಿದರೆ ಪೊರಕೆಯೂ ಲಂಚವಾಗಿ ಕಾಣುತ್ತದೆ.

ಅವಳು ಇಳಿದದ್ದು ಸೆವ್ವಾಪೇಟೆಯಲ್ಲಿ. ಬೆಳ್ಳಿ ಕಾಲ್ಗೆಜ್ಜೆ ಮಾಡುವವರ ಓಣಿಗಳು, ಮನೆಮನೆಯಿಂದ ಸಣ್ಣ ಸುತ್ತಿಗೆಯ ಸದ್ದು. ಮೂರನೇ ಓಣಿಯಲ್ಲಿ ಒಂದು ಮಾಳಿಗೆ ಮೆಟ್ಟಿಲು ಹತ್ತಿದಳು. ನಾನು ಕೆಳಗೆ ನಿಂತೆ. ಮೇಲೆ ಬಾಗಿಲು ತೆರೆಯಿತು. ತೆರೆದವಳು ಅವಳ ತಂಗಿ ಚಂದ್ರಿಕಾ, ಧರ್ಮಪುರಿ ಕಡೆಗೆ ಕೊಟ್ಟ ಹುಡುಗಿ. ಅವಳ ಮದುವೆಯಲ್ಲಿ ನಾನು ಪಾಯಸ ಬಡಿಸಿದ್ದೆ. ಈಗ ಅವಳ ಎಡಗೈ ಪ್ಲಾಸ್ಟರಿನ ಕಟ್ಟಿನಲ್ಲಿ ಕುತ್ತಿಗೆಯಿಂದ ತೂಗುಬಿದ್ದಿತ್ತು. ಒಂದು ಕಣ್ಣಿನ ಸುತ್ತ ಹಳದಿ ತಿರುಗಿದ ನೀಲಿ.

ಕೆಳಗಿದ್ದ ನನ್ನನ್ನು ಮೊದಲು ನೋಡಿದವಳು ಚಂದ್ರಿಕಾಳೇ. ಬೆಚ್ಚಿ ಒಳಗೆ ಸರಿದಳು. ಕಲೈವಾಣಿ ತಿರುಗಿದಳು.

"ಮಾವ, ನೀವು ನನ್ ಇಂದೇನೇ ಬಂದ್ರಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದಮ್ಮ ಅಂದೆ.

ಮೇಲಕ್ಕೆ ಕರೆದಳು. ಒಂದೇ ಕೋಣೆ, ಒಂದು ಕಿಟಕಿ, ಮೂಲೆಯಲ್ಲಿ ಗ್ಯಾಸ್ ಒಲೆ. ಇದೇ ಅವಳಿಗೆ ಸಿಕ್ಕಿದ ಮನೆ. ಬಾಡಿಗೆಗೆ, ತಂಗಿಗೆ. ಗಂಡ ಸತೀಶ್‌ಕುಮಾರ್ ಲಾರಿ ಓಡಿಸುತ್ತಾನೆ. ಮದುವೆಯಾದ ವರ್ಷದಿಂದ ಹೊಡೆತ. ಮಾರ್ಚಿನಲ್ಲಿ ಅವಳು ಪಾಲಮಲೆಯ ಚಿಕ್ಕಮ್ಮನ ಮನೆಗೆ ಓಡಿಹೋಗಿದ್ದಳು. ಅಲ್ಲಿಗೆ ಬೆಟ್ಟ ಹತ್ತಿ ಬಂದು ಕೈ ಮುರಿದು ಹೋಗಿದ್ದಾನೆ.

"ಕೇಸ್ ಆಕಿದೀವಿ. ಕೋರ್ಟಲ್ಲಿ ಮುಗಿಯೋಗಂಟ ಇವ್ಳು ಎಲ್ಲವ್ಳೇಂತ ಅವನ್ಗೆ ಗೊತ್ತಾಗಬಾರ್ದು ಮಾವ. ಇನ್ನೊಂದ್ ಸಲ ಬಂದ್ರೆ ಕೈ ಅಲ್ಲ, ಉಸುರೇ ತೆಗೀತಾನೆ" ಅಂದಳು ಕಲೈವಾಣಿ.

"ಊರಲ್ಲಿ ನಿನ್ನನ್ನ ಕಳ್ಳಿ ಅಂತವ್ರೆ ಕಲೈ. ನಾನೇ..." ಅಂದೆ.

"ಗೊತ್ತು ಮಾವ. ಟೀ ಅಂಗ್ಡೀಲಿ ನೀವು ಏಳಿದ್ದು ನನ್ ಕಿವಿಗೂ ಬಿತ್ತು. ಏನಾರ ಅಂದ್ಕೊಳ್ಲಿ. ನೀವು ಬಾಯಿ ಬಿಡಬ್ಯಾಡಿ, ಅಷ್ಟೇ. ಕುಪ್ಪತ್ತೆಗೂ ಏಳಬ್ಯಾಡಿ."

ಚಂದ್ರಿಕಾ ಒಂದೇ ಕೈಯಲ್ಲಿ ನನಗೆ ನೀರು ತಂದುಕೊಟ್ಟಳು. ಕುಡಿದೆ. ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನನ್ನು ನಾನೇ ಬೈದುಕೊಂಡೆ. ಜಲಕಂಠಾಪುರದ ಕಡೆ ಹೋಗುವ ಇಬ್ಬರು ನಮ್ಮೂರವರು ಅದೇ ಬಸ್ಸಿನಲ್ಲಿದ್ದರು. ಕಲೈವಾಣಿಯೂ ನಾನೂ ಒಟ್ಟಿಗೆ ಇಳಿದದ್ದನ್ನು ನೋಡಿದರು. ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಮೇ ಒಂದಕ್ಕೆ ಗ್ರಾಮಸಭೆ. ಶಾಲೆಯ ಮುಂದಿನ ಬೇವಿನ ಮರದಡಿ ಶಾಮಿಯಾನ. ಅಷ್ಟು ಜನ ಯಾವ ಸಭೆಗೂ ಸೇರಿದ್ದಿಲ್ಲ. ಹೊಳೆ ನೀರು, ಬೀದಿ ದೀಪ ಯಾವುದೂ ಬೇಡವಾಗಿತ್ತು, ಎಲ್ಲರಿಗೂ ಬೇಕಾಗಿದ್ದು ಆ ಒಂದು ಮಾತು. ನಾನು ನಡುವಿನ ಸಾಲಿನಲ್ಲಿ ಕೂತೆ. ಹಿಂತಿರುಗಿ ನೋಡಿದರೆ ಮಜ್ಜಿಗೆ ಕೊಡುವ ಮೇಜಿನ ಹತ್ತಿರ ಬಿಳಿ ಶರಟು ಹಾಕಿದ ಒಬ್ಬ. ನೀಟಾಗಿ ತಲೆ ಬಾಚಿದವನು, ಬಂದವರಿಗೆಲ್ಲ ಲೋಟ ಎತ್ತಿ ಕೊಡುತ್ತಿದ್ದ. ಸತೀಶ್‌ಕುಮಾರ್.

ಗೋವಿಂದರಾಜ್ ಕಳಿಸಿದ ಧ್ವನಿ ಕೈಯಿಂದ ಕೈಗೆ ಧರ್ಮಪುರಿಯನ್ನೂ ಮುಟ್ಟಿತ್ತು. ಅವನೂ ನಮ್ಮವನೇ, ಮನೆಮಾತು ಕನ್ನಡ. ಹೆಂಡತಿ ಕಾಣೆಯಾದ ಗಂಡಸಿಗೆ, ಅವಳ ಅಕ್ಕ ಯಾವಳಿಗೋ "ಮನೆ ಸಿಕ್ತು ಕಣೇ" ಅಂದರೆ ಸೈಟಿನ ನೆನಪು ಯಾಕೆ ಬರಬೇಕು? ನಾವು ಎಂಬತ್ತು ಮನೆಯವರು ತಪ್ಪಾಗಿ ಕೇಳಿಸಿಕೊಂಡ ಮಾತನ್ನು ಸರಿಯಾಗಿ ಕೇಳಿಸಿಕೊಂಡವನು ಅವನೊಬ್ಬನೇ. ಅದು ಖಾತ್ರಿಯಾಗಲಿ ಅಂತಲೇ ಬಂದು ನಿಂತಿದ್ದ.

ಗೋವಿಂದರಾಜ್ ಎದ್ದ. "ಮೆಂಬರಮ್ಮಾ, ಅಂದ ಮನೈ ಎಂಗೆ ಇರುಕ್ಕು? ಯಾರ್ ಪೇರ್ಲ ಇರುಕ್ಕು?" ಎಲ್ಲಿದೆ ಆ ಸೈಟು, ಯಾರ ಹೆಸರಲ್ಲಿದೆ?

ಕಲೈವಾಣಿ ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳೂ ಮಜ್ಜಿಗೆ ಮೇಜಿನ ಕಡೆ ನೋಡಿದ್ದು ನನಗೆ ಕಂಡಿತು. ನಮ್ಮ ಬೀದಿಯ ಹೆಂಗಸೊಬ್ಬಳು ಕೂಗಿದಳು: "ಮನೇನಾ ಮನೈಯಾ, ಬಾಯಿ ಬಿಟ್ಟು ಏಳೇ!" ಇನ್ನಾರೋ ನನ್ನ ಹೆಸರು ಹಿಡಿದರು. "ಮಾದೇಶಣ್ಣ ಅವ್ರೆ, ಅವ್ರು ಏಳ್ಲಿ. ಎದ್ದೇಳಿ ಅಣ್ಣ."

ಎಬ್ಬಿಸಿಯೇಬಿಟ್ಟರು. ನಿಂತೆ. ಮನೆ ಅಂದರೆ ಅವಳ ಹೆಸರು ಉಳಿಯುತ್ತದೆ, ಆದರೆ ಯಾವ ಮನೆ ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ, ಬಿಳಿ ಶರಟು ಕಿವಿಗೊಟ್ಟು ನಿಂತಿದೆ. ಮನೈ ಅಂದರೆ, ನಿಜ ಗೊತ್ತಿದ್ದೂ ನನ್ನ ಬಾಯಾರೆ ಅವಳನ್ನು ಎರಡನೇ ಸಲ ಕಳ್ಳಿ ಮಾಡಿದಂತೆ. ಮುನ್ನೂರು ಜನ ನನ್ನ ಮುಖ ನೋಡುತ್ತಿದ್ದರು. ನನ್ನ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ.

ಆಗ ಕಲೈವಾಣಿ ಎದ್ದಳು. ನಮ್ಮ ಬೀದಿಯವರೆದುರು ಯಾವತ್ತೂ ಕನ್ನಡ ಬಿಟ್ಟು ಮಾತಾಡದವಳು, ಅವತ್ತು ತಮಿಳಿನಲ್ಲಿ, ಆ ದೊಡ್ಡ ಗಂಟಲಿನಲ್ಲಿ, ಮೈಕಿನ ಹಂಗಿಲ್ಲದೆ ಹೇಳಿದಳು: "ಅವರೆ ಕೇಕ್ಕಾದೀಂಗ. ಮನೈ ದಾನ್. ವೀಡು ಇಲ್ಲೆ, ಕಾಲಿ ಮನೈ. ತಪ್ಪು ಪಣ್ಣಿಟ್ಟೇನ್. ತಿರುಪ್ಪಿ ಕುಡುತ್ತುಡ್ರೇನ್."

ಅವರನ್ನು ಕೇಳಬೇಡಿ. ಅದು ಸೈಟೇ. ಮನೆಯಲ್ಲ, ಖಾಲಿ ಸೈಟು. ತಪ್ಪು ಮಾಡಿದೆ, ವಾಪಸು ಕೊಟ್ಟುಬಿಡುತ್ತೇನೆ. ಕನ್ನಡದಲ್ಲಿ ಹೇಳಿದ್ದರೆ ಆ ಮಾತಿಗೆ ಎರಡು ಅರ್ಥ ಉಳಿಯುತ್ತಿತ್ತು. ತಮಿಳಿನಲ್ಲಿ ಒಂದೇ. ಅದಕ್ಕೇ ಆ ಭಾಷೆಯನ್ನು ಆರಿಸಿಕೊಂಡಳು ಅಂತ ಆ ಮುನ್ನೂರು ಜನರಲ್ಲಿ ಗೊತ್ತಿದ್ದದ್ದು ನನಗೆ, ಅವಳ ಗಂಡ ಧನಶೇಖರನಿಗೆ ಮಾತ್ರ.

ಸಭೆ ಹುಯ್ಯಲಿಟ್ಟಿತು. ಒಬ್ಬಳು ಮಣ್ಣು ತೂರಿದಳು. ಧನಶೇಖರ್ ಮುಂದೆ ಬಂದು ಹೆಂಡತಿಯ ಕೈ ಹಿಡಿದು ಕರೆದುಕೊಂಡು ಹೋದ. ಮಜ್ಜಿಗೆ ಮೇಜಿನ ಹತ್ತಿರ ಬಿಳಿ ಶರಟಿನವನು ಲೋಟ ಕೆಳಗಿಟ್ಟು, ಬಂದ ದಾರಿಗೆ ಸುಂಕವಿಲ್ಲ ಅನ್ನುವ ಮುಖ ಮಾಡಿಕೊಂಡು ಬೈಕು ಹತ್ತಿದ. ಆಮೇಲೆ ನಮ್ಮೂರಿನ ಕಡೆ ಬರಲಿಲ್ಲ.

ಜೂನ್ ಎರಡನೇ ವಾರ ಅವಳು ಪಂಚಾಯಿತಿ ಯೂನಿಯನ್ ಆಫೀಸಿಗೆ ರಾಜೀನಾಮೆ ಕೊಟ್ಟಳು. ತಾಲ್ಲೂಕಿನವರು ಬಂದು ದಾಖಲೆ ಹುಡುಕಿದರು. ಅವಳ ಹೆಸರಿನಲ್ಲಿ ಅಂಗೈಯಗಲ ಜಾಗವೂ ಸಿಗಲಿಲ್ಲ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ನಮ್ಮ ಬೀದಿ ನನಗಿಂತ ಜಾಣ. ಅವಳ ಹೆಸರಲ್ಲಿ ಇಲ್ಲ ಅಂದರೆ ಇನ್ನೊಬ್ಬರ ಹೆಸರಲ್ಲಿ ಇರಬೇಕು. ಸಭೆಯಲ್ಲಿ ಎದ್ದು ನಿಂತು ಬಾಯಿ ಬಿಡದವನು ಯಾರು? ಮಾದೇಶ. "ಅವರನ್ನು ಕೇಳಬೇಡಿ" ಅಂತ ಅವಳು ಕಾಪಾಡಿದ್ದು ಯಾರನ್ನು? ಮಾದೇಶನನ್ನು. ಸೇಲಂ ಬಸ್ಸಿನಿಂದ ಅವಳ ಜೊತೆ ಇಳಿದವನು? ಅವನೇ. ಟೀ ಅಂಗಡಿಯಲ್ಲಿ ನಾನು ಹೋಗಿ ಕೂತರೆ ಮಾತು ನಿಲ್ಲತೊಡಗಿತು. ಮೊದಲ ಸಲ ನನಗೆ ಆ ಮೌನದ ರುಚಿ ಗೊತ್ತಾಯಿತು.

ಪಟ್ಟಾದ ಫೈಲು ನಿಂತುಹೋಯಿತು. ಬಂದ ಹೊಸ ಮೆಂಬರ್ ಗೋವಿಂದರಾಜ್, ಅವನು ಆಫೀಸಿಗೆ ಒಂದು ಸಲವೂ ಹೋಗಲಿಲ್ಲ. ಕಲೈವಾಣಿಯನ್ನು ಕೆಚ್ಚಲು ಕರೆಯುವವರು ಯಾರೂ ಉಳಿಯಲಿಲ್ಲ. ಈಗ ದಿನಾ ಬೆಳಗ್ಗೆ ಸೆವ್ವಾಪೇಟೆಗೆ ಹೋಗಿ ತಂಗಿಯ ಜೊತೆ ಕಾಲ್ಗೆಜ್ಜೆಗೆ ಕೊಂಡಿ ಕೂಡಿಸುತ್ತಾಳೆ. ಬೆರಳು ಚುರುಕು ಅಂತ ಅಲ್ಲಿಯ ಯಜಮಾನಿ ಹೊಗಳುತ್ತಾಳಂತೆ.

ಎರಡು ವರ್ಷವಾಯಿತು. ಕೋರ್ಟಿನಲ್ಲಿ ಚಂದ್ರಿಕಾಳಿಗೆ ಬಿಡುಗಡೆ ಸಿಕ್ಕಿತು, ಸತೀಶ್‌ಕುಮಾರ್ ಇನ್ನೊಂದು ಮದುವೆ ಮಾಡಿಕೊಂಡು ಗುಜರಾತಿನ ಲಾರಿ ಹಿಡಿದ. ಕಳೆದ ತಿಂಗಳು ಕಲೈವಾಣಿಯ ಮನೆಗೆ ಹೋಗಿ, ಇನ್ನು ನಾನು ಹೇಳಲಾ ಅಂತ ಕೇಳಿದೆ.

"ಏಳಿ ಮಾವ, ಇನ್ನೇನು ಬಯ" ಅಂದಳು. ಆಮೇಲೆ, "ಕುಪ್ಪತ್ತೆಗೆ ಮೊದ್ಲು ಏಳಿ. ಅವ್ರು ನನ್ ಮೊಕ ನೋಡಿ ಎರಡ್ ವರ್ಷ ಆಯ್ತು" ಅಂದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದು ಸಲ.

ನಾನು ಆ ಮಧ್ಯಾಹ್ನವೇ ಊಟದ ಎಲೆ ಮುಂದೆ ಕೂತು ಕುಪ್ಪಮ್ಮನಿಗೆ ಎಲ್ಲವನ್ನೂ ಹೇಳಿದೆ. ಬಸ್ಸು, ಬಕೆಟ್ಟು, ಪೊರಕೆ, ಮುರಿದ ಕೈ, ಬಿಳಿ ಶರಟು, ತಮಿಳು ಮಾತು. ಅರ್ಧ ಗಂಟೆ ಹೇಳಿದೆ. ಒಂದನ್ನೂ ಬಿಡಲಿಲ್ಲ. ಅವಳು ಹುಳಿ ಬಡಿಸುವುದನ್ನು ನಿಲ್ಲಿಸಿ, ಗೋಡೆಗೆ ಒರಗಿ ಕೇಳಿದಳು. ಕೊನೆಗೂ ಒಬ್ಬರು ನಂಬಿದರು ಅಂತ ನನ್ನ ಎದೆ ಹಗುರವಾಯಿತು.

ನಾನು ಮುಗಿಸಿದ ಮೇಲೆ ಅವಳು ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದು, ಪಕ್ಕದಲ್ಲಿ ಕೂತು, ದನಿ ಇಳಿಸಿದಳು.

"ಅದೆಲ್ಲ ಸರಿ. ಮೂವತ್ತೊಂದು ವರ್ಷ ನಿಮ್ ಜೊತೆ ಬಾಳಿದೀನಿ, ನಂತಾವಾದ್ರೂ ನಿಜ ಏಳಿ. ನಿಮ್ ಎಸ್ರಲ್ಲಿ ಎಷ್ಟು ಸೆಂಟು ಜಾಗ ಬರ್ಸವ್ಳೆ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಎರಡೂವರೆ" ಅಂದೆ.

"ನಂಗೆ ಮೊದ್ಲೇ ಗೊತ್ತಿತ್ತು" ಅಂದಳು ಕುಪ್ಪಮ್ಮ. ಮುಖ ಅರಳಿಸಿಕೊಂಡು ನನ್ನ ಎಲೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.